ಸಾವಿರ ಸಬ್‌ಸ್ಕ್ರೈಬರ್ ಮತ್ತು ಒಂದು ಕೊಂಬು

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲಿಗೆ ಒಂದು ಸ್ಪಷ್ಟೀಕರಣ. ನಾನು ಶಿರೂರಿನವಳು ಅಂದ ತಕ್ಷಣ ಕೆಲವರು ಕುಂದಾಪುರ, ಬೈಂದೂರಿನ ಕಡೆಯ ಶಿರೂರು ಅಂದುಕೊಳ್ಳುತ್ತಾರೆ, ಕೆಲವರು ಅಂಕೋಲದ ಶಿರೂರು ಅಂದುಕೊಳ್ಳುತ್ತಾರೆ. ನನ್ನದು ಪುಣೆ ಜಿಲ್ಲೆಯ ಶಿರೂರು. ಘೋಡ್ ನದಿಯ ದಂಡೆಯಲ್ಲಿ, ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಿಂದಿನ ಅಹ್ಮದ್‌ನಗರಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ರಾಂಜಣಗಾವ್ ಗೊತ್ತಿರುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ. ನನ್ನ ಯಜಮಾನರ ಕೆಲಸ ರಾಂಜಣಗಾವ್ ಕೈಗಾರಿಕಾ ಪ್ರದೇಶದಲ್ಲಿ, ನನ್ನದು ಹೆಚ್ಚಿನ ದಿನ ಮನೆಯಿಂದಲೇ. ವಾರಕ್ಕೊಮ್ಮೆ ಖರಾಡಿಯ ಆಫೀಸಿಗೆ ಹೋಗುತ್ತೇನೆ. ಈ ಊರಿನ ಹೆಸರಿನ ಗೊಂದಲ ನನ್ನ ಚಾನೆಲ್‌ಗೆ ಏನು ಮಾಡಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

"ಸಣ್ಣ ಯೂಟ್ಯೂಬ್ ಚಾನೆಲ್ ಬೆಳೆಸುವುದು ಹೇಗೆ" ಎಂದು ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ನನ್ನ ಚಾನೆಲ್‌ಗೆ ಮೂರು ವರ್ಷ ಆಗುತ್ತಾ ಬಂತು, ಸಬ್‌ಸ್ಕ್ರೈಬರುಗಳು 640. ಇಲ್ಲಿಯವರೆಗೆ ಬಂದ ಆದಾಯ ಸೊನ್ನೆ. ಹಾಗಾಗಿ ಬೆಳೆಸುವುದು ಹೇಗೆ ಅನ್ನುವ ಗುಟ್ಟು ನನ್ನ ಹತ್ತಿರ ಇಲ್ಲ. ಬೆಳೆಸಲು ಹೋಗಿ ನಾನು ಏನೇನು ಮಾಡಿದೆ, ಯಾವುದು ತಪ್ಪಾಯಿತು ಅನ್ನುವುದನ್ನು ಹೇಳುತ್ತೇನೆ. ಚಾನೆಲ್ ಶುರು ಮಾಡಬೇಕು ಅಂತ ಇಲ್ಲಿ ಯಾರಾದರೂ ಯೋಚಿಸುತ್ತಿದ್ದರೆ ಅವರಿಗೆ ಅಷ್ಟಾದರೂ ಉಪಯೋಗ ಆಗಲಿ.

ಶುರುವಾಗಿದ್ದು ಗದಗದ ಬಸ್ ಸ್ಟ್ಯಾಂಡಿನಲ್ಲಿ. 2021ರ ದೀಪಾವಳಿಗೆ ತವರಿಗೆ ಹೋಗಿದ್ದೆವು. ಮಗಳಿಗೆ ಆಗ ಆರು ವರ್ಷ. ಬಸ್ಸಿನ ಬೋರ್ಡ್ ನೋಡಿ, "ಅಮ್ಮಾ, ಇದು ಚಿತ್ರ ಯಾಕೆ ಬರೆದಿದ್ದಾರೆ?" ಅಂತ ಕೇಳಿದಳು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಅದು ಸರಿಯೇ. ಇರುವ ನೆಲದ ಭಾಷೆ ಕಲಿಯಲೇಬೇಕು. ಆದರೆ ಕನ್ನಡ ಕಲಿಸುವವರು ಮನೆಯವರಲ್ಲದೆ ಬೇರೆ ಯಾರೂ ಇಲ್ಲ. ಹಾಗಾಗಿ ಅವಳಿಗೆ ಅಕ್ಷರ ಕಲಿಸತೊಡಗಿದೆ. ಹೇಗೂ ಕಲಿಸುತ್ತಿದ್ದೇನೆ, ಅದನ್ನೇ ವಿಡಿಯೋ ಮಾಡಿದರೆ ನಮ್ಮಂಥ ಬೇರೆ ಮನೆಗಳಿಗೂ ಉಪಯೋಗ ಅಂತ 2022ರ ಜೂನ್‌ನಲ್ಲಿ ಚಾನೆಲ್ ಶುರು ಮಾಡಿದೆ.

ನನಗೊಂದು ಅಹಂಕಾರವೂ ಇತ್ತು, ಒಪ್ಪಿಕೊಳ್ಳುತ್ತೇನೆ. ಎಂಟೆಕ್ ಓದುವಾಗ ರೆಕಮೆಂಡೇಷನ್ ಸಿಸ್ಟಮ್ ಮೇಲೆ ಸೆಮಿನಾರ್ ಕೊಟ್ಟವಳು ನಾನು. ಯಾರಿಗೆ ಯಾವ ವಿಡಿಯೋ ತೋರಿಸಬೇಕು ಅಂತ ಯಂತ್ರ ಹೇಗೆ ತೀರ್ಮಾನಿಸುತ್ತದೆ ಅನ್ನುವುದು ನನಗೆ ಗೊತ್ತು, ಆರು ತಿಂಗಳಲ್ಲಿ ಸಾವಿರ ಸಬ್‌ಸ್ಕ್ರೈಬರ್ ಆಗುತ್ತಾರೆ ಅಂತ ಯಜಮಾನರ ಹತ್ತಿರ ಪಂದ್ಯ ಕಟ್ಟಿದ್ದೆ.

ಈ ಸಾವಿರ ಎಲ್ಲಿಂದ ಬಂತು ಅಂತ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. 2018ರಿಂದ ಯೂಟ್ಯೂಬಿನ ನಿಯಮ ಏನೆಂದರೆ, ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೋಗಳನ್ನು ಒಟ್ಟು 4000 ಗಂಟೆ ನೋಡಿರಬೇಕು. ಆಮೇಲೆ ಉದ್ದದ ವಿಡಿಯೋಗಳ ಜಾಹೀರಾತು ಹಣದಲ್ಲಿ ಶೇ. 55 ನಿಮಗೆ. ಎಲ್ಲರೂ ಸಾವಿರದ ಬಗ್ಗೆ ಮಾತಾಡುತ್ತಾರೆ, ನಿಜವಾದ ಬೆಟ್ಟ ಇರುವುದು 4000 ಗಂಟೆಯಲ್ಲಿ. ಲೆಕ್ಕ ಹಾಕಿ. 4000 ಗಂಟೆ ಅಂದರೆ 2,40,000 ನಿಮಿಷ. ನನ್ನ ಆರು ನಿಮಿಷದ ಪಾಠವನ್ನು ಜನ ಸರಾಸರಿ 1 ನಿಮಿಷ 40 ಸೆಕೆಂಡ್ ನೋಡುತ್ತಿದ್ದರು. ಅಂದರೆ ಒಂದು ವರ್ಷದಲ್ಲಿ 1,44,000 ವ್ಯೂಸ್ ಬೇಕು. ನನ್ನ ಒಂದೊಂದು ವಿಡಿಯೋಗೆ ಬರುತ್ತಿದ್ದದ್ದು ಐವತ್ತು, ಅರವತ್ತು. ಅದರಲ್ಲಿ ಹತ್ತು ನನ್ನವೇ.

ಆಗ ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಮೊದಲನೆಯದು, "ನೀವು ನಮ್ಮದನ್ನು ಮಾಡಿ, ನಾವು ನಿಮ್ಮದನ್ನು ಮಾಡುತ್ತೇವೆ" ಅನ್ನುವ ವಾಟ್ಸಾಪ್ ಗುಂಪು ಸೇರಿದೆ. ಒಂದೇ ತಿಂಗಳಲ್ಲಿ 130 ಸಬ್‌ಸ್ಕ್ರೈಬರ್ ಬಂದರು. ಅವರಲ್ಲಿ ಒಬ್ಬರಾದರೂ ಕನ್ನಡ ಬಲ್ಲವರು ಇದ್ದರೋ ಇಲ್ಲವೋ. ನಾನೂ ಯಾವುದೋ ಮೀನಿನ ತೊಟ್ಟಿಯ ಚಾನೆಲ್, ಯಾವುದೋ ಮೊಬೈಲ್ ರಿಪೇರಿ ಚಾನೆಲ್ ಒತ್ತಿ ಬಂದೆ. ಇದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧ ಅನ್ನುವುದು ಒಂದು. ಇನ್ನೊಂದು ಏನೆಂದರೆ, ಹೊಸ ವಿಡಿಯೋ ಹಾಕಿದಾಗ ಅದು ಇಂಥ ಸಬ್‌ಸ್ಕ್ರೈಬರುಗಳ ಮುಂದೆಯೂ ಬರುತ್ತದೆ. ಅವರು ಮುಟ್ಟುವುದಿಲ್ಲ. ಆಗ ಯಂತ್ರಕ್ಕೆ ಅರ್ಥವಾಗುವುದು ಒಂದೇ, ಇದು ಯಾರಿಗೂ ಬೇಡದ ವಿಡಿಯೋ. ಸೆಮಿನಾರ್ ಕೊಟ್ಟವಳಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು. ಆದರೂ ಮಾಡಿದೆ, ಯಾಕೆಂದರೆ ದಿನ ಬೆಳಗಾದರೆ ಆ ಸಂಖ್ಯೆ ನೋಡುವ ಚಟ ಹತ್ತಿತ್ತು.

ಎರಡನೆಯದು ನಾನು ಊಹಿಸದೇ ಇದ್ದ ಕಷ್ಟ. ಮಕ್ಕಳಿಗಾಗಿ ಮಾಡಿದ ವಿಡಿಯೋವನ್ನು "ಮಕ್ಕಳಿಗಾಗಿ" ಅಂತ ಗುರುತು ಮಾಡಲೇಬೇಕು. ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2019ರಲ್ಲಿ ಅಮೆರಿಕದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕೊಡಲು ಒಪ್ಪಿದವು. 2020ರ ಜನವರಿಯಿಂದ ಎಲ್ಲ ಕಡೆ ಈ ಗುರುತು ಬಂತು. ಗುರುತು ಹಾಕಿದರೆ ಕಾಮೆಂಟ್ ಇಲ್ಲ, ಗಂಟೆ ಒತ್ತಿದವರಿಗೆ ಸೂಚನೆ ಹೋಗುವುದಿಲ್ಲ, ವ್ಯಕ್ತಿಯ ಆಸಕ್ತಿ ನೋಡಿ ಕೊಡುವ ಜಾಹೀರಾತು ಇಲ್ಲ. ನಿಯಮ ಸರಿಯಾಗಿಯೇ ಇದೆ, ತಾಯಿಯಾಗಿ ನಾನು ಒಪ್ಪುತ್ತೇನೆ. ಆದರೆ ಸಣ್ಣ ಚಾನೆಲ್‌ಗೆ ಇದರ ಅರ್ಥ, ಕತ್ತಲೆ ಕೋಣೆಯಲ್ಲಿ ಪಾಠ ಮಾಡಿದ ಹಾಗೆ. ಎದುರಿಗೆ ಯಾರಾದರೂ ಕೂತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಅಂಕಿ ಅಂಶದ ಪುಟ ತೆಗೆದರೆ "ತೋರಿಸಲು ಸಾಕಷ್ಟು ಮಾಹಿತಿ ಇಲ್ಲ" ಅಂತ ಬರುತ್ತಿತ್ತು.

ಮೂರನೆಯದನ್ನು ಹೇಳಲು ನನಗೆ ಈಗಲೂ ಸಂಕೋಚ. ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಕೆಲವೇ ತಿಂಗಳಲ್ಲಿ, 2020ರ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಮೊದಲು ಇಲ್ಲಿಯೇ ಬಂತು. ಸಣ್ಣ ಚಾನೆಲ್ ಬೆಳೆಯಬೇಕಾದರೆ ಶಾರ್ಟ್ಸ್ ಹಾಕಿ ಅಂತ ಎಲ್ಲರೂ ಹೇಳುತ್ತಿದ್ದರು. 2023ರ ಮೇ ರಜೆಯಲ್ಲಿ ಮತ್ತೆ ಗದಗಕ್ಕೆ ಹೋಗಿದ್ದೆವು. ನಮ್ಮ ಕನ್ನಡದಲ್ಲಿ ಎ ಬೇರೆ, ಏ ಬೇರೆ, ಒ ಬೇರೆ, ಓ ಬೇರೆ. ಮರಾಠಿ ಬರವಣಿಗೆಯಲ್ಲಿ ಎರಡಕ್ಕೂ ಒಂದೊಂದೇ ಅಕ್ಷರ. ಮಗಳಿಗೆ ಈ ಹ್ರಸ್ವ ದೀರ್ಘ ತಪ್ಪುತ್ತಿತ್ತು. ಅಡುಗೆಮನೆಯಲ್ಲಿ ಅಜ್ಜಿಗೆ, "ಅಜ್ಜಿ, ನೀರು ಕೋಡು" ಅಂದಳು. ಅಜ್ಜಿ, "ನನಗೆಲ್ಲಿ ಕೋಡು ಅದಾವ, ನಾ ಏನು ಎಮ್ಮೀನ?" ಅಂದರು. ಎಲ್ಲರೂ ನಕ್ಕೆವು. ನನ್ನ ಕೈಯಲ್ಲಿ ಮೊಬೈಲ್ ಇತ್ತು. ಅಂದೇ ಸಂಜೆ ಹಾಕಿದೆ.

31,000 ವ್ಯೂಸ್ ಬಂತು. ಅರವತ್ತಕ್ಕೆ ಒಗ್ಗಿದ್ದ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಂಟರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. "ಇಂಥದ್ದೇ ಇನ್ನೂ ಹಾಕು" ಅಂದರು. ನಾನೂ ಕಾಯತೊಡಗಿದೆ, ಅವಳು ಇನ್ನೊಂದು ತಪ್ಪು ಯಾವಾಗ ಮಾಡುತ್ತಾಳೆ ಅಂತ. ಸ್ವಲ್ಪ ಯೋಚಿಸಿ ಗೆಳತಿಯರೇ, ಅಕ್ಷರ ಕಲಿಸಲು ಕೂತವಳು ತಪ್ಪಿಗಾಗಿ ಕಾಯುತ್ತಿದ್ದೆ. ಅಷ್ಟು ವ್ಯೂಸಿನಿಂದ ಹೊಸದಾಗಿ ಬಂದ ಸಬ್‌ಸ್ಕ್ರೈಬರುಗಳು 40. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಆ 4000 ಗಂಟೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಶಾರ್ಟ್ಸ್‌ನಿಂದಲೇ ಅರ್ಹತೆ ಪಡೆಯಬೇಕಾದರೆ 90 ದಿನಗಳಲ್ಲಿ 1 ಕೋಟಿ ವ್ಯೂಸ್ ಬೇಕು.

ಆದರೆ ಮಗಳ ಲೆಕ್ಕ ಬೇರೆ ಇತ್ತು. ಗದಗದ ಅಣ್ಣ ತಂಗಿಯರು ಅವಳನ್ನು "ಕೋಡು" ಅಂತ ಕರೆಯತೊಡಗಿದ್ದರು. ಮಕ್ಕಳ ತಮಾಷೆ ಅಂದುಕೊಂಡೆ. ಶಿರೂರಿಗೆ ಬಂದ ಮೇಲೆ ಗಮನಿಸಿದೆ, ಅಜ್ಜಿ ಫೋನ್ ಮಾಡಿದರೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ಏನಾದರೂ ಹೇಳಲೇಬೇಕಾದರೆ ಹಿಂದಿಯಲ್ಲಿ ಹೇಳುತ್ತಿದ್ದಳು. ಅಜ್ಜಿಗೆ ಹಿಂದಿ ಬಾರದು. ಯಾಕೆ ಅಂತ ಕೇಳಿದೆ. "ನೀನು ಹಾಕಿಬಿಡ್ತೀಯ" ಅಂದಳು.

ಅವಳು ಕನ್ನಡ ಮಾತಾಡಲಿ ಅಂತ ಶುರು ಮಾಡಿದ ಚಾನೆಲ್ ಅವಳ ಕನ್ನಡವನ್ನು ನಿಲ್ಲಿಸಿತ್ತು. ಆ ಶಾರ್ಟ್ ಅಳಿಸಿದೆ. ಅವಳ ಮುಖ ಇದ್ದ ಎಲ್ಲ ವಿಡಿಯೋಗಳನ್ನು ಒಂದೊಂದಾಗಿ ಖಾಸಗಿ ಮಾಡಿದೆ. ಉಳಿದದ್ದು ನನ್ನ ಕೈ, ಒಂದು ಸ್ಲೇಟು, ನನ್ನ ದನಿ. ಎರಡು ತಿಂಗಳು ಏನೂ ಹಾಕಲಿಲ್ಲ. ಆಮೇಲೆ ಹಾಕಿದರೂ ಮೊದಲಿನ ಉಮೇದು ಇರಲಿಲ್ಲ.

ಈಗ ಊರ ಹೆಸರಿನ ವಿಷಯ. ಚಾನೆಲ್ಲಿನ ವಿಡಿಯೋಗಳ ತಲೆಬರಹದಲ್ಲಿ "ಶಿರೂರಿನಿಂದ ಕನ್ನಡ ಪಾಠ" ಅಂತ ಇತ್ತು. 2024ರ ಜುಲೈ 16ರಂದು ಅಂಕೋಲ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು, ನಿಮಗೆಲ್ಲ ನೆನಪಿದೆ. ಆ ವಾರ ಆಫೀಸಿನ ಊಟದ ವೇಳೆ ಮೊಬೈಲ್ ತೆಗೆದರೆ ಹಳೆಯ ಒಂದು ಪಾಠಕ್ಕೆ 900 ವ್ಯೂಸ್ ಬಂದಿತ್ತು. ಗೆರೆ ನೆಟ್ಟಗೆ ಮೇಲೆ ಹೋಗಿತ್ತು. ಖುಷಿಯಿಂದ ಯಜಮಾನರಿಗೆ ಚಿತ್ರ ಕಳಿಸಿದೆ. ಆಮೇಲೆ ಸರಾಸರಿ ನೋಡಿದ ಸಮಯ ಕಂಡಿತು, 9 ಸೆಕೆಂಡ್. ಆಗ ಹೊಳೆಯಿತು. ಅವರು ಮಣ್ಣಿನಡಿ ಸಿಕ್ಕವರ ಸುದ್ದಿ ಹುಡುಕುತ್ತಾ ಬಂದವರು. ಅವರಲ್ಲಿ ಮನೆಯವರಿಗಾಗಿ ಹುಡುಕುತ್ತಿದ್ದವರೂ ಇದ್ದಿರಬಹುದು. ಅವರಿಗೆ ಸಿಕ್ಕಿದ್ದು ನನ್ನ ಸ್ಲೇಟು. ನಾನು ಗೆರೆ ನೋಡಿ ಹಿಗ್ಗಿದ್ದೆ. ಅಂದು ರಾತ್ರಿಯೇ ಎಲ್ಲ ತಲೆಬರಹದಿಂದ ಊರ ಹೆಸರು ತೆಗೆದೆ. ವ್ಯೂಸ್ ಅನ್ನುವ ಪದದ ಹಿಂದೆ ಯಾರಿದ್ದಾರೆ ಅಂತ ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ. ಅಲ್ಲಿ ಒಬ್ಬರು ಇದ್ದಾರೆ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಮನೆಮಾತು ಅಪ್ಪಟ ಕನ್ನಡ, ಓದಿದ್ದು ಪೂರ್ತಿ ಮರಾಠಿ. ಗಣಪತಿ ಹಬ್ಬದ ಅರಿಶಿನ ಕುಂಕುಮಕ್ಕೆ ಹೋದಾಗ ಮೆಲ್ಲಗೆ ಹೇಳಿದರು, "ನಿಮ್ಮ ಪಾಠ ನಾ ನೋಡತೀನ್ರಿ. ಮಗನಿಗೆ ಅಂತ ಹಚ್ಚತೀನಿ, ಕಲಿಯೋದು ನಾನು. ಆದರ ಮಕ್ಕಳಿಗೆ ಹೇಳಿದಂಗ ಹೇಳಬ್ಯಾಡ್ರಿ. ನನಗ ಮರಾಠಿ ಅಕ್ಷರ ಬರ್ತಾವ. ಯಾವುದಕ್ಕ ಯಾವುದು ಅಂತ ತೋರಿಸ್ರಿ, ಸಾಕು."

ನಾನು ದಿನವಿಡೀ ಮಾಡುವ ಕೆಲಸ ಸಾಫ್ಟ್‌ವೇರ್. ಬಳಸುವವರನ್ನು ಕೇಳದೆ ಒಂದು ಸಾಲೂ ಕೋಡ್ ಬರೆಯಬಾರದು ಅಂತ ಹೊಸಬರಿಗೆ ಪಾಠ ಹೇಳುತ್ತೇನೆ. ನನ್ನ ಚಾನೆಲ್ಲಿಗೆ ಎರಡು ವರ್ಷ ಒಬ್ಬರನ್ನೂ ಕೇಳಿರಲಿಲ್ಲ.

ಯೋಚಿಸಿದರೆ ಇಂಥವರು ಎಷ್ಟು ಜನ! 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಅಕ್ಕಲಕೋಟೆ, ಜತ್ ಕಡೆ ಕನ್ನಡ ಶಾಲೆಗಳಿವೆ. ಆದರೆ ಪುಣೆ, ಮುಂಬಯಿ, ನಾಸಿಕ್‌ಗಳಲ್ಲಿ ಬೆಳೆದವರಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ, ಓದಲು ಬಾರದವರು ಬಹಳ. ಇಲ್ಲಿ ಕೂತಿರುವವರಲ್ಲೂ ಇರಬಹುದು, ಕೈ ಎತ್ತಿ ಅಂತ ಕೇಳುವುದಿಲ್ಲ.

ಹಾಗೆ ಹುಟ್ಟಿದ್ದು ಮರಾಠಿ ಅಕ್ಷರ ಬಲ್ಲ ದೊಡ್ಡವರಿಗೆ ಕನ್ನಡ ಅಕ್ಷರ ಅನ್ನುವ 12 ಪಾಠಗಳ ಸರಣಿ. ಒಂದೊಂದು ನಾಲ್ಕೇ ನಿಮಿಷ. ಕ ಖ ಗ ಘ ಙ ಅನುಕ್ರಮ ಎರಡರಲ್ಲೂ ಒಂದೇ, ಹಾಗಾಗಿ ಅರ್ಧ ಕೆಲಸ ಆಗಿಯೇ ಇರುತ್ತದೆ. ಹಿಂದಿಯವರಿಗೆ ಕಷ್ಟವಾಗುವ ಳ ಮರಾಠಿಯವರಿಗೆ ಸಲೀಸು. ಕಷ್ಟ ಇರುವುದು ಮೂರು ಕಡೆ. ಒಂದು, ಎ ಏ, ಒ ಓ ಭೇದ. ಎರಡು, ಒತ್ತಕ್ಷರ. ಅವರು ಅರ್ಧ ಅಕ್ಷರವನ್ನು ಪಕ್ಕಕ್ಕೆ ಜೋಡಿಸುತ್ತಾರೆ, ನಾವು ಎರಡನೆಯದನ್ನು ಕೆಳಗೆ ಇಳಿಸುತ್ತೇವೆ. ಮೂರು, ಅರ್ಕಾವತ್ತು. "ಧರ್ಮ" ಬರೆಯುವಾಗ ಅವರ ರಕಾರ ತಲೆಯ ಮೇಲೆ ಹತ್ತಿ ಕೂರುತ್ತದೆ, ನಮ್ಮದು ಮಕಾರ ಆದ ಮೇಲೆ ಬಲಕ್ಕೆ ಬರುತ್ತದೆ. ಮಗಳ ಕೋಡು ಕೊಡು ನನಗೆ ಇಲ್ಲಿ ಉಪಯೋಗಕ್ಕೆ ಬಂತು, ಅವಳ ಹೆಸರು ಹೇಳದೆ, ಅವಳ ಅನುಮತಿ ಕೇಳಿ. ಒಂದು ದೀರ್ಘದಿಂದ ನೀರು ಕೇಳಿದವಳು ಎಮ್ಮೆಯ ಕೊಂಬು ಕೇಳಿದ ಹಾಗೆ ಆಗುತ್ತದೆ ಅಂತ.

ಈ ಪಾಠಗಳು ದೊಡ್ಡವರಿಗಾಗಿ, ಹಾಗಾಗಿ ಕಾಮೆಂಟ್ ತೆರೆದಿದೆ. ನಾಲ್ಕು ನಿಮಿಷದಲ್ಲಿ ಜನ ಸರಾಸರಿ 2 ನಿಮಿಷ 50 ಸೆಕೆಂಡ್ ನೋಡುತ್ತಾರೆ. ಅರ್ಧಕ್ಕೆ ನಿಲ್ಲಿಸಿ ಬರೆದುಕೊಂಡು ಮತ್ತೆ ನೋಡುತ್ತಾರೆ. 640 ಅಂತ ಹೇಳಿದೆನಲ್ಲ, ಅದರಲ್ಲಿ 400ಕ್ಕೂ ಹೆಚ್ಚು ಜನ ಬಂದದ್ದು ಈ ಸರಣಿಯ ನಂತರ. ಒಂದು ಕಾಮೆಂಟ್ ಮರಾಠಿ ಲಿಪಿಯಲ್ಲಿ ಬರೆದ ಕನ್ನಡದಲ್ಲಿ ಇತ್ತು. "ಒತ್ತಕ್ಷರದ ಪಾಠ ಯಾವಾಗ ಹಾಕ್ತೀರಿ? ಅವ್ವನ ತವರಿನ ಹೊಲದ ಕಾಗದ ಬಂದದ. ಸಹಿ ಮಾಡು ಅಂತಾರ. ಓದಿ ಮಾಡಬೇಕು." ಆ ಪಾಠವನ್ನು ಆ ವಾರವೇ ಮಾಡಿ ಹಾಕಿದೆ. ಆದರೆ ಅದಕ್ಕಿಂತ ಮೊದಲು ಉತ್ತರ ಬರೆದೆ, ನನ್ನ ಪಾಠ ನಂಬಿ ಸಹಿ ಮಾಡಬೇಡಿ, ಕನ್ನಡ ಬಲ್ಲ ವಕೀಲರಿಂದ ಓದಿಸಿ, ಅರ್ಥ ಆದ ಮೇಲೆಯೇ ಸಹಿ ಮಾಡಿ ಅಂತ. ಅವರಿಂದ ಮತ್ತೆ ಏನೂ ಬರಲಿಲ್ಲ. ಏನಾಯಿತೋ ಗೊತ್ತಿಲ್ಲ. ಆದರೆ ಅಂದಿನಿಂದ ನನಗೆ ವ್ಯೂಸ್ ಅಂದರೆ ಒಂದು ಗೆರೆಯಾಗಿ ಕಾಣಿಸುವುದಿಲ್ಲ, ಕಾಗದ ಹಿಡಿದು ಕೂತ ಒಬ್ಬ ಹೆಂಗಸು ಕಾಣಿಸುತ್ತಾಳೆ.

ಹಾಗಾದರೆ ಬೆಳೆಯುವುದು ತಪ್ಪೇ? ಖಂಡಿತ ಅಲ್ಲ. ನಮ್ಮ ಪಕ್ಕದ ಅಹಿಲ್ಯಾನಗರ ಜಿಲ್ಲೆಯ ಸಾರೋಳಾ ಕಾಸಾರ್ ಎಂಬ ಹಳ್ಳಿಯ ಸುಮನ್ ಧಾಮಣೆ ಅವರ "ಆಪಲೀ ಆಜೀ" ಚಾನೆಲ್ ನೋಡಿ. ಎಪ್ಪತ್ತು ದಾಟಿದ ಅಜ್ಜಿ, ಮೊಮ್ಮಗನ ಸಹಾಯದಿಂದ 2020ರಲ್ಲಿ ತಮ್ಮ ಹಳ್ಳಿಯ ಮರಾಠಿಯಲ್ಲೇ ಅಡುಗೆ ಹೇಳಿ ಲಕ್ಷಾಂತರ ಜನರನ್ನು ತಲುಪಿದರು. ಕಾಸರಗೋಡಿನಿಂದ ಬರುವ "ಭಟ್ ಎನ್ ಭಟ್" ಅಡುಗೆ ಚಾನೆಲ್ ಕೇರಳದ ನೆಲದಲ್ಲಿ ನಿಂತು ಕನ್ನಡದಲ್ಲೇ ಬೆಳೆಯಿತು. ಗಡಿಯ ಆಚೆ ಇದ್ದೇವೆ, ಕನ್ನಡದಲ್ಲಿ ಮಾಡಿದರೆ ಯಾರು ನೋಡುತ್ತಾರೆ ಅನ್ನುವ ಮಾತಿಗೆ ಇವರೇ ಉತ್ತರ. ಆದರೆ ಅಡುಗೆ ಎಲ್ಲರಿಗೂ ಬೇಕು, ಅಕ್ಷರ ಅದು ಬಾರದವರಿಗೆ ಮಾತ್ರ ಬೇಕು. ನನ್ನ ಚಾನೆಲ್ಲಿನ ಅಳತೆ ಬೇರೆ ಅಂತ ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಶುರು ಮಾಡುವವರಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ.

ಕ್ಯಾಮೆರಾ ಕೊಳ್ಳುವ ಮೊದಲು ಮೈಕ್ ಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ದನಿ ಕೇಳದಿದ್ದರೆ ಹತ್ತು ಸೆಕೆಂಡಿನಲ್ಲಿ ಹೋಗುತ್ತಾರೆ. ನನ್ನದು 1,500 ರೂಪಾಯಿಯ ಕಾಲರ್ ಮೈಕ್. ಹೆದ್ದಾರಿಯ ಟ್ರಕ್ಕುಗಳಿಗೆ ಹೆದರಿ ಬೆಳಗ್ಗೆ ಐದಕ್ಕೆ ರೆಕಾರ್ಡ್ ಮಾಡುತ್ತೇನೆ. ಗುರುವಾರ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಅಂದು ಬರವಣಿಗೆ.

ಮೊದಲ ಹದಿನೈದು ಸೆಕೆಂಡಿನಲ್ಲಿ ಈ ವಿಡಿಯೋದಲ್ಲಿ ಏನು ಸಿಗುತ್ತದೆ ಅಂತ ಹೇಳಿ. ಸ್ವಾಗತ ಗೀತೆ, ಹಾರುವ ಹೂವು ಬೇಡ. ತಲೆಬರಹವನ್ನು ಜನ ಹುಡುಕುವ ಮಾತಿನಲ್ಲೇ ಬರೆಯಿರಿ, ನನ್ನ ವೀಕ್ಷಕರು ಮರಾಠಿ ಲಿಪಿಯಲ್ಲೂ ಹುಡುಕುತ್ತಾರೆ ಅಂತ ತಿಳಿದ ಮೇಲೆ ನಾನು ಎರಡೂ ಲಿಪಿಯಲ್ಲಿ ಬರೆಯುತ್ತೇನೆ.

ಸಬ್‌ಸ್ಕ್ರೈಬರ್ ಕೊಡಿಸುತ್ತೇವೆ ಅಂತ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪಾಸ್‌ವರ್ಡ್ ಜೊತೆ ಎರಡನೇ ಹಂತದ ಪರಿಶೀಲನೆ ಇಂದೇ ಹಾಕಿ. ಆ ಅಜ್ಜಿಯ ಚಾನೆಲ್ 2020ರಲ್ಲೇ ಒಮ್ಮೆ ಹ್ಯಾಕ್ ಆಗಿ, ಕೆಲವು ದಿನಗಳ ನಂತರ ಮರಳಿ ಸಿಕ್ಕಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಚಾನೆಲ್‌ಗೆ ಬೇರೆ ಇಮೇಲ್ ಇರಲಿ. ಮನೆಯ ಬಾಗಿಲು, ಬಿಲ್ಡಿಂಗಿನ ಹೆಸರು, ಮಕ್ಕಳ ಶಾಲೆಯ ಸಮವಸ್ತ್ರ, ಫೋನ್ ನಂಬರ್ ಕ್ಯಾಮೆರಾದಲ್ಲಿ ಬೀಳದಿರಲಿ. ಹೊಲಸು ಕಾಮೆಂಟಿಗೆ ಉತ್ತರ ಬರೆಯಬೇಡಿ, ಅಳಿಸಿ, ತಡೆಯಿರಿ, ಮುಂದೆ ಹೋಗಿ.

ಮಗುವನ್ನು ತೋರಿಸುವ ಮೊದಲು ಮಗುವನ್ನು ಕೇಳಿ. ಇಲ್ಲ ಅಂದರೆ ಅದು ಇಲ್ಲವೇ.

ಎಲ್ಲಕ್ಕಿಂತ ಮೊದಲು, ವಿಡಿಯೋ ಯಾರಿಗೆ ಅಂತ ಒಬ್ಬರ ಮುಖ ಕಣ್ಣ ಮುಂದೆ ತಂದುಕೊಳ್ಳಿ. ಸಾಧ್ಯವಾದರೆ ಅವರ ಮನೆಗೆ ಹೋಗಿ ಚಹಾ ಕುಡಿದು ಕೇಳಿ. ಯಾವ ಅಂಕಿ ಅಂಶದ ಪುಟವೂ ಹೇಳದೇ ಇದ್ದದ್ದನ್ನು ನನಗೆ ಪಕ್ಕದ ಬಿಲ್ಡಿಂಗಿನವರು ಐದು ನಿಮಿಷದಲ್ಲಿ ಹೇಳಿದರು.

ಸಾವಿರಕ್ಕೆ ಇನ್ನೂ 360 ಬಾಕಿ ಇದೆ. ಆಗುತ್ತದೆ ಅಂದುಕೊಂಡಿದ್ದೇನೆ. ಪಂದ್ಯ ಅಂತೂ ಸೋತಾಯಿತು.

ಮಗಳಿಗೆ ಈಗ ಒಂಬತ್ತು. ಕ್ಯಾಮೆರಾದ ಮುಂದೆ ಬರುವುದಿಲ್ಲ, ನಾನೂ ಕೇಳುವುದಿಲ್ಲ. ಕೆಲವೊಮ್ಮೆ ಹಿಂದೆ ನಿಂತು ಹೆಡ್‌ಫೋನ್ ಹಾಕಿಕೊಂಡು, "ಅಮ್ಮಾ, ಮತ್ತೆ ಟ್ರಕ್ ಬಂತು, ಇನ್ನೊಮ್ಮೆ ಹೇಳು" ಅನ್ನುತ್ತಾಳೆ. ಅಜ್ಜಿಯ ಜೊತೆ ಮತ್ತೆ ಕನ್ನಡದಲ್ಲಿ ಮಾತಾಡತೊಡಗಿದ್ದಾಳೆ, ನಿಧಾನವಾಗಿ, ತಪ್ಪು ಮಾಡುತ್ತಾ. ಆದರೆ ಪ್ರತಿ ಸಲ ಫೋನ್ ಕೈಗೆ ತೆಗೆದುಕೊಳ್ಳುವ ಮೊದಲು ನನ್ನ ಕಡೆ ನೋಡಿ ಕೇಳುತ್ತಾಳೆ, "ರೆಕಾರ್ಡ್ ಆಗ್ತಾ ಇಲ್ಲ ತಾನೆ?"

ಇಲ್ಲ ಕಂದಾ, ಅನ್ನುತ್ತೇನೆ.